ದಿನಕ್ಕೆ 300 ಜನ ಸರಿ, ಒಂದು ಹೊತ್ತಿಗೆ ಎಷ್ಟು?

ವೀಕೆಂಡ್ ಬಂತು ಅಂದ್ರೆ ಟ್ರೆಕ್ಕಿಂಗ್ ಪ್ಲಾನ್ ರೆಡಿ ಅಲ್ವಾ? ಕುದುರೆಮುಖ ಶಿಖರಕ್ಕೆ ಆನ್‌ಲೈನ್ ಬುಕಿಂಗ್ ಬೇಕು. ದಿನಕ್ಕೆ 300 ಜನ ಅಂತ ಅರಣ್ಯ ಇಲಾಖೆ ಮಿತಿ ಹಾಕಿದೆ. ಒಳ್ಳೇದೇ. ಆದರೆ ಆ 300 ಜನವೂ ಬೆಳಗ್ಗೆ ಒಂದೇ ಹೊತ್ತಿಗೆ ಹೊರಟರೆ? ಹಳ್ಳ ದಾಟುವ ಜಾಗದಲ್ಲಿ ಜಾತ್ರೆಯೇ!

ಇಲ್ಲಿ ಜಿಐಎಸ್ ನಕ್ಷೆ ಕೆಲಸಕ್ಕೆ ಬರುತ್ತೆ. ಇಳಿಜಾರು, ಮಣ್ಣು, ಹಳ್ಳ, ಪ್ರಾಣಿಗಳ ಓಡಾಟ, ಎಲ್ಲವನ್ನೂ ಪದರ ಪದರವಾಗಿ ಒಂದರ ಮೇಲೊಂದು ಇಟ್ಟು ನೋಡಬಹುದು. ಲೆಕ್ಕ ಸರಳ. 8 ಕಿಲೋಮೀಟರ್ ದಾರಿ, ತಂಡಕ್ಕೆ 10 ಜನ, ತಂಡದಿಂದ ತಂಡಕ್ಕೆ 400 ಮೀಟರ್ ಅಂತರ ಅಂದ್ಕೊಳ್ಳಿ. ಒಂದು ಹೊತ್ತಿಗೆ 20 ತಂಡ, ಅಂದ್ರೆ 200 ಜನ. ದಾರಿಯ ಕಾಲು ಭಾಗ ಮಣ್ಣು ಕೊಚ್ಚಿಹೋಗುವ ಇಳಿಜಾರು ಅಂತ ನಕ್ಷೆ ತೋರಿಸಿದ್ರೆ, ಜನರನ್ನೂ ಕಾಲು ಭಾಗ ಇಳಿಸಬೇಕು. ಉಳಿದದ್ದು 150. ಮಿಕ್ಕವರಿಗೆ ಬೇರೆ ಸ್ಲಾಟ್.

ಯಾಕಿಷ್ಟು ತಲೆಬಿಸಿ? ತುಂಗಾ, ಭದ್ರಾ, ನೇತ್ರಾವತಿ ಹುಟ್ಟೋದು ಇದೇ ರಾಷ್ಟ್ರೀಯ ಉದ್ಯಾನದ ಗಂಗಾಮೂಲದಲ್ಲಿ. ಶೋಲಾ ಕಾಡು, ಹುಲ್ಲುಗಾವಲು ಮಳೆನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತವೆ. ಹುಲ್ಲು ತುಳಿದು ಹಾಳಾದ್ರೆ ಮಣ್ಣು ಹಳ್ಳ ಸೇರುತ್ತೆ.

ಸ್ಲಾಟ್ ಸಿಗಲಿಲ್ವಾ? ಬೇಜಾರಾಗ್ಬೇಡಿ. ಬೆಟ್ಟ ಎಲ್ಲೂ ಹೋಗಲ್ಲ, ಇನ್ನೊಂದು ದಿನ ಬುಕ್ ಮಾಡಿ.