ಪಟ್ಟಿಯಲ್ಲಿ ಹೆಸರು, ಕಬ್ಬಿನ ಗದ್ದೆಯಲ್ಲಿ ಮತದಾರ



ಮತದಾನದ ಪ್ರಮಾಣ ಕುಸಿದಾಗಲೆಲ್ಲ ಜನರ ಉದಾಸೀನವನ್ನು ದೂರುವುದು ವಾಡಿಕೆಯಾಗಿದೆ. ಆದರೆ ಮತಗಟ್ಟೆಗೆ ಬಾರದವರೆಲ್ಲರೂ ಬರಲೊಲ್ಲದವರಲ್ಲ. ಅವರಲ್ಲಿ ಬರಲಾಗದವರೂ ಇದ್ದಾರೆ.

ಮಲೆನಾಡಿನಲ್ಲಿ ಈ ಅಡ್ಡಿ ಕಣ್ಣಿಗೆ ಕಾಣುತ್ತದೆ: ಹಳ್ಳ, ಕಾಡು, ರಸ್ತೆಯಿಲ್ಲದ ದಾರಿ. ಮತದಾರನು 2 ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದೆಂಬುದು ಚುನಾವಣಾ ಆಯೋಗದ ಸಾಮಾನ್ಯ ನಿಯಮ. ಬಯಲುಸೀಮೆಯಲ್ಲಿ ಈ ನಿಯಮ ಪಾಲನೆಯಾದರೂ ಮತ ತಪ್ಪುತ್ತದೆ. ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಯಂತಹ ಊರುಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಅಲ್ಲಿ ಮತಗಟ್ಟೆ ಊರೊಳಗೇ ಇರುತ್ತದೆ. ಊರಿನಲ್ಲಿ ಇಲ್ಲದವನು ಮತದಾರ.

ಆ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಮಾತ್ರ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗಕ್ಕೆ ಬಂದಿದೆ, ದ್ರಾಕ್ಷಿ ತೋಟಗಳಿವೆ. ಆದರೂ ಭೂಮಿಯಿಲ್ಲದವರಿಗೆ, ಒಣಬೇಸಾಯದವರಿಗೆ ವರ್ಷವಿಡೀ ಕೆಲಸ ದೊರೆಯದು. ಆದ್ದರಿಂದ ಜಿಲ್ಲೆಯ ಹಳ್ಳಿ, ತಾಂಡಾಗಳಿಂದ ಜನರು ಮಹಾರಾಷ್ಟ್ರ, ಗೋವಾಗಳಿಗೆ ಗುಳೆ ಹೋಗುತ್ತಾರೆ. ಕಬ್ಬು ನುರಿಸುವ ಕಾಲ ಅಕ್ಟೋಬರ್–ನವೆಂಬರ್‌ನಲ್ಲಿ ಆರಂಭವಾಗಿ ಮಾರ್ಚ್‌ವರೆಗೂ ನಡೆಯುತ್ತದೆ. ಮುಂಗಡ ಪಡೆದು ಹೋದ ದಂಪತಿಗಳು ಜೋಡಿಯಾಗಿಯೇ ದುಡಿಯಬೇಕು. ಹೀಗಾಗಿ ಒಂದು ಮನೆಯಿಂದ ಎರಡು ಮತಗಳು ಒಟ್ಟಿಗೇ ತಪ್ಪುತ್ತವೆ.

ಈಗ ಚುನಾವಣೆಯ ದಿನಗಳನ್ನು ಗಮನಿಸಿರಿ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದದ್ದು 2020ರ ಡಿಸೆಂಬರ್ 22 ಮತ್ತು 27ರಂದು, ಅಂದರೆ ಕಬ್ಬಿನ ಕಟಾವು ಭರದಲ್ಲಿರುವಾಗ. ಕುಡಿಯುವ ನೀರು, ಉದ್ಯೋಗ ಖಾತರಿಯ ಕೆಲಸ, ಮನೆ ಹಂಚಿಕೆ ನಿರ್ಧಾರವಾಗುವುದು ಪಂಚಾಯಿತಿಯಲ್ಲಿ. ಕೆಲವೇ ಮತಗಳಿಂದ ಸೋಲು ಗೆಲುವು ತೀರ್ಮಾನವಾಗುವುದೂ ಅಲ್ಲಿಯೇ. ಊರಿನಲ್ಲಿ ಕೆಲಸ ಸಿಗದೆ ಹೊರಟವರಿಗೆ, ಊರಿನಲ್ಲಿ ಕೆಲಸ ಕೊಡಬೇಕಾದವರನ್ನು ಆರಿಸುವ ಅವಕಾಶ ಇಲ್ಲವಾಗುತ್ತದೆ.

ಕಾನೂನು ಇವರನ್ನು ಮರೆತಿಲ್ಲ, ಆದರೆ ಅರ್ಧ ದಾರಿಯಲ್ಲಿ ನಿಂತಿದೆ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಸಾಮಾನ್ಯ ನಿವಾಸಿಯೆಂಬ ಹಕ್ಕು ಹೋಗದು ಎನ್ನುತ್ತದೆ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ. 1951ರ ಕಾಯ್ದೆಯ 135-ಬಿ ಕಲಮು ಲೋಕಸಭೆ, ವಿಧಾನಸಭೆ ಚುನಾವಣೆಯ ದಿನ ದಿನಗೂಲಿಯವರಿಗೂ ವೇತನಸಹಿತ ರಜೆ ನೀಡುತ್ತದೆ. ಆದರೆ ಟನ್ನಿನ ಲೆಕ್ಕದಲ್ಲಿ ದುಡಿಯುವವನಿಗೆ ಒಂದು ದಿನದ ರಜೆಯಲ್ಲಿ ಊರಿಗೆ ಬಂದು ಮರಳುವುದು ಹೇಗೆ ಸಾಧ್ಯ? ಸೈನಿಕರಿಗೆ ಅಂಚೆ ಮತವಿದೆ, ಕಾಶ್ಮೀರಿ ವಲಸಿಗರಿಗೆ ದೆಹಲಿಯಲ್ಲಿ ವಿಶೇಷ ಮತಗಟ್ಟೆಯಿದೆ. ಕೂಲಿಕಾರನಿಗೆ ಎರಡೂ ಇಲ್ಲ. 72 ಕ್ಷೇತ್ರಗಳ ಮತವನ್ನು ಒಂದೆಡೆಯಿಂದ ಹಾಕಬಲ್ಲ ದೂರ ಮತಯಂತ್ರದ ಮಾದರಿಯನ್ನು ಆಯೋಗವು 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಪಕ್ಷಗಳ ಆಕ್ಷೇಪದಿಂದ ಅದು ಮುಂದುವರಿಯಲಿಲ್ಲ.

ಗೈರುಹಾಜರಿಯಿಂದ ಹೆಸರೇ ಅಳಿಯುವ ಅಪಾಯವೂ ಇದೆ. ಬಿಹಾರದಲ್ಲಿ 2025ರ ಆಗಸ್ಟ್‌ನ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಮೃತರೊಡನೆ, ಊರು ಬಿಟ್ಟವರು ಅಥವಾ ಮನೆಯಲ್ಲಿ ಸಿಗದವರು ಎಂದು ಗುರುತಿಸಲ್ಪಟ್ಟವರೂ ಅದರಲ್ಲಿ ಸೇರಿದ್ದರು.

ಬಹಿಷ್ಕಾರವೇ ಉತ್ತರವೆಂದು ಮಲೆಯ ಊರುಗಳಲ್ಲಿ ಕೆಲವರು ಹೇಳುವುದುಂಟು. ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ 2024ರ ಏಪ್ರಿಲ್ 26ರಂದು ಮೂಲಸೌಕರ್ಯದ ಕೊರತೆಯಿಂದ ಹುಟ್ಟಿದ ಬಹಿಷ್ಕಾರವು ಘರ್ಷಣೆಗೆ ತಿರುಗಿ ಮತಯಂತ್ರ ಒಡೆಯಿತು. 29ರ ಮರುಮತದಾನದಲ್ಲಿ 528 ಮತದಾರರ ಪೈಕಿ ಮತ ಹಾಕಿದವರು 58 ಮಂದಿ. ಜನರ ಸಂಕಟ ನಿಜವಾದದ್ದು. ಆದರೆ ಹಾಕದ ಮತದಲ್ಲಿ ಆ ಸಂಕಟ ಎಲ್ಲಿಯೂ ದಾಖಲಾಗುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಗುಳೆಯ ಕಾಲ ತಪ್ಪಿಸಿ ಪಂಚಾಯಿತಿ ಚುನಾವಣೆಯ ದಿನ ಗೊತ್ತುಪಡಿಸಬೇಕೆಂದು ಗ್ರಾಮಸಭೆಗಳು ನಿರ್ಣಯ ಮಾಡಿ ರಾಜ್ಯ ಚುನಾವಣಾ ಆಯೋಗಕ್ಕೆ ಕಳುಹಿಸಲಿ. ವಿದ್ಯಾರ್ಥಿಗಳು ತಮ್ಮ ಬೀದಿಯ ಮತದಾರರ ಪಟ್ಟಿಯನ್ನು ಮನೆಮನೆಯೊಡನೆ ತಾಳೆ ನೋಡಲಿ. ಹೆಸರು ಸೇರಿಸಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು. ಗುಳೆ ಹೋದವರ ಹೆಸರು ಅಳಿಸುವ ಮಾತು ಬಂದಾಗ, ಇವರು ಮರಳಿ ಬರುವವರು ಎಂದು ಹೇಳಲು ಊರಿನಲ್ಲಿ ಒಬ್ಬರಾದರೂ ಇರಲಿ.

ಬಿತ್ತನೆಯ ಹದ ನೋಡಿ ಹೊಲಕ್ಕಿಳಿಯುವ ನಾಡಿದು. ಚುನಾವಣೆಗೂ ಅಂತಹದೇ ಹದವನ್ನು ನೋಡಬೇಕೆಂದು ಕೇಳುವುದು ಹೆಚ್ಚಿನ ಬೇಡಿಕೆಯೇನಲ್ಲ.