ಸೂರು ಕೇಳೋದು ಭಿಕ್ಷೆಯಲ್ಲ



ಮಡಗಾಂವಿನ ಮೋತಿ ಡೊಂಗರ್‌ನಲ್ಲಿ ದುಡಿಯೋಕೆ ಬಂದ ನಮ್ಮ ಕನ್ನಡಿಗರು ಬಹಳ ಮಂದಿ. 2004ರ ಜೂನ್ ಮಳೆಯಲ್ಲೇ ವಾಸ್ಕೋದ ಬೈನಾದಲ್ಲಿ ಮನೆ ಕೆಡವಿದ್ದನ್ನು ನಾವು ಮರೆತಿಲ್ಲ. ಮನೆ ಬಿದ್ದ ರಾತ್ರಿ ಮಕ್ಕಳನ್ನು ಎಲ್ಲಿ ಮಲಗಿಸೋದು?

ಇದಕ್ಕೆ ನಿಯಮ ಮಾಡಲಾಗಿತ್ತು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಹೇಳಿದ್ದು ಇಷ್ಟು: ಒಂದು ಲಕ್ಷ ಜನಸಂಖ್ಯೆಗೆ 100 ಜನರಿಗಾಗುವಷ್ಟು ಆಶ್ರಯ, ತಲಾ 50 ಚದರ ಅಡಿ ಜಾಗ, ನೀರು, ಶೌಚಾಲಯ, ಹಗಲು-ರಾತ್ರಿ ತೆರೆದ ಬಾಗಿಲು.

ಆದರೆ ಆಶ್ರಯ ಕೇಂದ್ರ ಮನೆಗೆ ಬದಲಿಯಲ್ಲ. ಜೀವನೋಪಾಯವೂ ಬದುಕುವ ಹಕ್ಕಿನ ಭಾಗ ಅಂತ 1985ರಲ್ಲೇ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಬ್ಯಾಂಕಿನ ಕೌಂಟರಲ್ಲಿ ಕೂರುವ ನಮಗೆ ಗೊತ್ತು, ರಸೀದಿ ಇಲ್ಲದ ಮಾತು ನಿಲ್ಲಲ್ಲ. ನಿಮ್ಮೂರಿಂದ ಗೋವಾಕ್ಕೆ ಹೋದ ಹಿರಿಯರಿಗೆ ಅರ್ಜಿ ಬರ್ಕೊಡಿ, ಪುರಸಭೆಯ ಸೀಲು ಹಾಕಿಸಿಕೊಳ್ಳಿ.