ಕುರಿಯ ಹೊಟ್ಟೆ ಹುಳಕ್ಕೆ ಒಗರು ಸೊಪ್ಪು

(ರೈತ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ರಾಗಿಯ ಬೆಲೆ, ಸೊಸೈಟಿಯ ಬಡ್ಡಿ ಇವುಗಳ ಬಗ್ಗೆ ನಾವು ದಿನಾ ಮಾತಾಡುತ್ತೇವೆ. ಆದರೆ ಸಾಲದ ಒಂದು ಬೇರು ಕುರಿಯ ಹೊಟ್ಟೆಯಲ್ಲೂ ಇದೆ. ಬ್ಯಾಂಕಿನ ಸಾಲದಲ್ಲಿ ಇಪ್ಪತ್ತು ಕುರಿ ತಂದವನಿಗೆ ಮಳೆಗಾಲದಲ್ಲಿ ನಾಲ್ಕು ಸತ್ತರೆ ಆ ವರ್ಷದ ಲಾಭ ಹೋಯಿತು ಅಂತಲೇ ಲೆಕ್ಕ. ಕುರಿ ಸಾಯುತ್ತದೆ, ಕಂತು ಸಾಯುವುದಿಲ್ಲ.

ಕೊಲ್ಲುವವನು ಯಾರು? ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕಚ್ಚಿಕೊಂಡು ರಕ್ತ ಹೀರುವ, ದಾರದಂಥ ಜಂತುಹುಳು. ಹೀಮಾಂಕಸ್ ಅಂತ ಅದರ ಹೆಸರು. ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕುಡಿಯುತ್ತದೆ. ಅಷ್ಟೇನಾ ಅನ್ನಬೇಡಿ. ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿಲಿ, ಇಪ್ಪತ್ತು ದಿನಕ್ಕೆ ಒಂದು ಲೀಟರು! ಒಂದೊಂದು ಹೆಣ್ಣು ಹುಳ ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಅವು ಹಿಕ್ಕೆಯ ಜೊತೆ ಬಿದ್ದು, ಮರಿಯಾಗಿ, ಮಳೆಯ ತೇವದಲ್ಲಿ ಹುಲ್ಲು ಹತ್ತಿ ಕೂರುತ್ತವೆ. ಹುಲ್ಲಿನ ಜೊತೆ ಮತ್ತೆ ಕುರಿಯ ಹೊಟ್ಟೆ ಸೇರುತ್ತವೆ.

ಔಷಧಿ ಇದೆಯಲ್ಲ ಅನ್ನುತ್ತೀರಿ. ಇದೆ. ಥಯಾಬೆಂಡಜೋಲ್ 1961ರಲ್ಲಿ ಪೇಟೆಗೆ ಬಂತು. 1964ರಲ್ಲೇ ಅದಕ್ಕೆ ಜಗ್ಗದ ಹುಳ ಅಮೆರಿಕದಲ್ಲಿ ಕಂಡುಬಂತು. ನಮ್ಮ ಅಂಗಡಿಯ ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಎರಡೂ ಅದೇ ಗುಂಪಿನವು. 1981ರಲ್ಲಿ ಬಂದ ಐವರ್‌ಮೆಕ್ಟಿನ್‌ಗೂ ಅದೇ ಗತಿ ಆಯಿತು. ಇಡೀ ಮಂದೆಗೆ ಪದೇಪದೇ ಕುಡಿಸಿದರೆ ಮೆತ್ತಗಿನ ಹುಳ ಸಾಯುತ್ತದೆ, ಗಟ್ಟಿ ಹುಳ ಉಳಿದು ಸಂತಾನ ಬೆಳೆಸುತ್ತದೆ. ದುಡ್ಡು ಕೊಟ್ಟು ನಾವೇ ಗಟ್ಟಿ ಹುಳ ಸಾಕಿದ ಹಾಗಾಯಿತು.

ಇಲ್ಲಿ ನೆರವಿಗೆ ಬರುವುದು ಒಗರು. ಎಳೆ ಸೀಬೆ ಎಲೆ ಅಗಿದರೆ ನಾಲಿಗೆ ಹಿಡಿಯುತ್ತದಲ್ಲ, ಅದು. ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದ ಮಾಡುವುದೂ ಈ ಒಗರಿನಿಂದಲೇ. ಇದಕ್ಕೆ ಟ್ಯಾನಿನ್ ಅನ್ನುತ್ತಾರೆ. ಇದು ಎರಡು ಕೆಲಸ ಮಾಡುತ್ತದೆ. ಒಂದು, ಹುಳದ ಮೈಗೇ ತಗಲಿ ಅದನ್ನು ಕುಗ್ಗಿಸುತ್ತದೆ, ಮೊಟ್ಟೆ ಕಡಿಮೆ ಮಾಡುತ್ತದೆ. ಎರಡು, ಮೇವಿನ ಸಸಾರಜನಕ ಮೊದಲ ಹೊಟ್ಟೆಯಲ್ಲೇ ಕೊಳೆತು ಹೋಗದಂತೆ ಹಿಡಿದು, ಮುಂದಿನ ಕರುಳಿಗೆ ಮುಟ್ಟಿಸುತ್ತದೆ. ಹೊಟ್ಟೆಗೆ ಬಲ ಸಿಕ್ಕ ಕುರಿ ಹುಳವನ್ನು ತಾನೇ ತಡೆದುಕೊಳ್ಳುತ್ತದೆ.

ಇದು ಬರೀ ಅಜ್ಜಿಮದ್ದಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಲೆಸ್ಪಿಡೀಜಾ ಎಂಬ ಒಗರು ಮೇವನ್ನು ಒಣಗಿಸಿ ಆಡು, ಕುರಿಗೆ ಹಾಕಿ ಗುಣ ಕಂಡಿದ್ದಾರೆ. ಬರೇಲಿ ಹತ್ತಿರದ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಒಣಗಿಸಿದ ಸೀಬೆ ಎಲೆ, ಬಸರಿ ಎಲೆಗಳನ್ನು ಹುಳ ಬಿದ್ದ ಕುರಿಮರಿಗಳಿಗೆ ತಿನ್ನಿಸಿದಾಗ ಹಿಕ್ಕೆಯಲ್ಲಿ ಮೊಟ್ಟೆ ಇಳಿಯಿತು. ಈ ಮರಗಳು ನಮ್ಮ ಹಿತ್ತಲಲ್ಲೂ ಊರ ದಾರಿಯಲ್ಲೂ ಇವೆ.

ಆದರೆ ಅಳತೆ ಬೇಕು. ಒಣ ಮೇವಿನ ನೂರು ಪಾಲಿನಲ್ಲಿ ಒಗರು 2ರಿಂದ 4 ಪಾಲು ಇದ್ದರೆ ಅನುಕೂಲ. 5-6 ದಾಟಿದರೆ ಕುರಿ ಮೇವು ಬಿಡುತ್ತದೆ, ಸೊರಗುತ್ತದೆ. ಆದ್ದರಿಂದ ಸ್ವಲ್ಪದಿಂದ ಶುರು ಮಾಡಿ, ಬೇರೆ ಮೇವಿನ ಜೊತೆ ಬೆರೆಸಿ ಹಾಕಿ. ತಿನ್ನುವುದು ಕಡಿಮೆಯಾದರೆ ಸೊಪ್ಪು ಇಳಿಸಿ. ಸುಬಾಬುಲ್‌ನಲ್ಲೂ ಒಗರಿದೆ, ಅದರ ಜೊತೆ ಉಣ್ಣೆ ಉದುರಿಸುವ ವಿಷವೂ ಇದೆ. ಅದು ಮೇವಿನ ಮೂರನೇ ಒಂದು ಪಾಲು ಮೀರಬಾರದು. ಕೀಟನಾಶಕ ಹೊಡೆದ ತೋಟದ ಎಲೆ ಬೇಡವೇ ಬೇಡ.

ಮತ್ತೊಂದು ಮಾತು. ಗದ್ದದ ಕೆಳಗೆ ನೀರು ತುಂಬಿ ಊದಿದ ಕುರಿಯನ್ನು ಸೊಪ್ಪು ಉಳಿಸುವುದಿಲ್ಲ. ಅದಕ್ಕೆ ಔಷಧಿಯೇ ಬೇಕು, ಅದೂ ತೂಕಕ್ಕೆ ತಕ್ಕಂತೆ ಪೂರಾ ಬೇಕು. ಅರೆಬರೆ ಕುಡಿಸಿದರೆ ಹುಳ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿ. ಕೆಂಪಗಿದ್ದರೆ ಬಿಡಿ, ಬಿಳಿಚಿಕೊಂಡಿದ್ದರೆ ಅಂಥದಕ್ಕೆ ಮಾತ್ರ ಕುಡಿಸಿ. ದಕ್ಷಿಣ ಆಫ್ರಿಕದವರು ಇದಕ್ಕೆ ಐದು ಬಣ್ಣದ ಕಾರ್ಡನ್ನೇ ಮಾಡಿದ್ದಾರೆ. ಕೆರೆಯಂಗಳದಲ್ಲಿ ಮೇಯುವ ಕುರಿಗೆ ಯಕೃತ್ತಿನ ಹುಳದಿಂದಲೂ ರೆಪ್ಪೆ ಬಿಳಿಚಬಹುದು. ಹಿಕ್ಕೆ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ.

ಆದ್ದರಿಂದ ಪಶು ಆಸ್ಪತ್ರೆಗೆ ಹೋದಾಗ ಬಾಟಲಿ ಕೊಡಿ ಅಂತ ಕೇಳುವ ಮೊದಲು ಹಿಕ್ಕೆ ಪರೀಕ್ಷೆ ಮಾಡಿ ಅಂತ ಕೇಳಿ. ಔಷಧಿ ಕುಡಿಸಿದ ಎರಡು ವಾರಕ್ಕೆ ಮತ್ತೆ ಮಾಡಿಸಿ. ಮೊಟ್ಟೆ ಇಳಿಯದಿದ್ದರೆ ಆ ಔಷಧಿ ನಿಮ್ಮ ಮಂದೆಗೆ ದಂಡ. ಅದಕ್ಕೆ ಮತ್ತೆ ದುಡ್ಡು ಸುರಿಯಬೇಡಿ. ಬದುವಿನ ಮೇಲೆ ಸೀಬೆ, ಬಸರಿ ನೆಡಿ. ಅದಕ್ಕೆ ಯಾವ ಬ್ಯಾಂಕಿನ ಸಾಲವೂ ಬೇಕಿಲ್ಲ.